ಏಳನೇ ಗುಳಿಯ ವೀಳ್ಯ

ಆದಿವಾಲದ ಆಚೆಗಿರುವ ಗುಡ್ಡದ ಮೇಲೆ ನಮ್ಮ ಗಾಲ್ಫ್ ಮೈದಾನವಿದೆ. ಹುಲ್ಲಿನ ಉಸ್ತುವಾರಿಗೆಂದು ನಾನು ಅಲ್ಲಿಗೆ ಬಂದು ಆಗಿನ್ನೂ ಒಂದು ಬೇಸಿಗೆ ಕಳೆದಿತ್ತು. ಆ ಸಂಜೆ ಮಳೆ ಹಿಡಿದುಕೊಂಡಿತು. ಈ ಸೀಮೆಗೆ ಮಳೆ ಬರುವುದು ಕಷ್ಟ, ಬಂದರೆ ಅದಕ್ಕೆ ಹೋಗುವ ದಾರಿ ತಿಳಿಯುವುದಿಲ್ಲ. ಆಡಲು ಬಂದವರು ಕಾರು ಹತ್ತಿ ಹೋದರು, ಅವರ ಹಿಂದೆಯೇ ಕರೆಂಟೂ ಹೋಯಿತು. ಹುಲ್ಲು ಕತ್ತರಿಸುವ ಯಂತ್ರಗಳ ಶೆಡ್ಡಿನಲ್ಲಿ ನಾವು ಮೂವರು ಉಳಿದೆವು. ನಾನು, ಯಂತ್ರ ಓಡಿಸುವ ಮಲ್ಲೇಶ್, ಆಫೀಸಿನ ಲತಾ. ಅಷ್ಟರಲ್ಲಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಯಲ್ಲಕ್ಕ ಬಂದು ಸೇರಿದರು.

ಈ ಮೈದಾನ ಕಟ್ಟುವಾಗ ಹುಲ್ಲು ನೆಟ್ಟ ಹೆಂಗಸರ ಗುಂಪಿಗೆ ಯಲ್ಲಕ್ಕನೇ ಯಜಮಾನಿ. ಗುಡ್ಡದ ಕೆಳಗಿನ ಕುರಿಗಾರರ ಹಟ್ಟಿಯವರು. ಈಗ ವಯಸ್ಸಾಗಿದೆ, ಕೆಲಸವಿಲ್ಲ, ಸಂಬಳವಿಲ್ಲ. ಆದರೂ ಬೇಕೆನಿಸಿದಾಗ ಬಂದು, ನಾವು ನೀರು ಬಿಡುವುದನ್ನು ನೋಡಿ, ನಾಲ್ಕು ಮಾತು ಬೈದು ಹೋಗುತ್ತಾರೆ. ಗೇಟಿನವರು ಅವರನ್ನು ತಡೆಯುವುದಿಲ್ಲ.

ನನಗೆ ಅವರಲ್ಲಿ ಕೇಳಬೇಕಾದದ್ದು ಒಂದಿತ್ತು. ಆ ಬೇಸಿಗೆಯಲ್ಲಿ ನೀರು ಸಾಲದೆ, ಚೆಂಡು ಬೀಳಿಸುವ ಎಲ್ಲ ಗುಳಿಗಳ ಸುತ್ತಲಿನ ಹುಲ್ಲೂ ಹಳದಿಗೆ ತಿರುಗಿತ್ತು. ಎರಡು ಬಂಡೆಗಳ ನಡುವೆ, ಎತ್ತರದಲ್ಲಿ, ಪೈಪು ಸರಿಯಾಗಿ ಮುಟ್ಟದ ಏಳನೆಯದು ಮಾತ್ರ ಕಡುಹಸಿರಾಗಿಯೇ ಇತ್ತು. ನಾನು ಬಾಯಿ ತೆಗೆಯುವ ಮೊದಲೇ ಲತಾ ಕೇಳಿಬಿಟ್ಟಳು, ಏಳನೇ ಗುಳಿಯ ಹತ್ತಿರ ದೆವ್ವ ಇದೆಯಂತಲ್ಲ ಎಂದು. ಯಲ್ಲಕ್ಕ ಬಕೆಟ್ಟೊಂದನ್ನು ಬೋರಲು ಹಾಕಿ ಕೂತು ಅವಳನ್ನು ಕೆಕ್ಕರಿಸಿ ನೋಡಿದರು.

“ದೆವ್ವ ಅಂತ ಇನ್ನೊಂದು ಸಲ ಅಂದ್ರೆ ಎದ್ದು ಹೋಗ್ತೀನಿ ನೋಡವ್ವ. ದೆವ್ವ ಅಂತೆ ದೆವ್ವ... ಅವಳಿಗೆ ಹೆಸರಿಲ್ವಾ? ಮನೆತನ ಇಲ್ವಾ? ಹತ್ರ ಬರ್ರಿ, ಕುಂತ್ಕಳ್ರಿ. ಹೇಳ್ತೀನಿ, ಮಧ್ಯ ಮಾತ್ರ ಬಾಯಿ ಹಾಕಬ್ಯಾಡ್ರಿ.

“ಈ ಗುಡ್ಡ ಹಿಂಗಿತ್ತು ಅಂದ್ಕಂಡ್ರೇನು? ಬರೀ ಗರಸು, ಕಾರೇಗಿಡ, ಎಲ್ಲಿ ಗುದ್ದಲಿ ಹಾಕಿದ್ರೂ ಟಣ್ ಅನ್ನೋದು. ಇಲ್ಲಿ ಹುಲ್ಲು ಹಾಸಿ ಚೆಂಡಾಟ ಆಡ್ತಾರಂತೆ ಅಂದಾಗ ನಮ್ಮ ಹಟ್ಟಿಯೋರು ಹೊಟ್ಟೆ ಹಿಡ್ಕಂಡು ನಕ್ಕಿದ್ರು. ಆಮೇಲೆ ಆರ್ಕಿಟೆಕ್ಟರು ಬಂದ್ರು, ಇಬ್ಬರು. ಮನೆಗೆ ಪ್ಲಾನ್ ಬರೆಯೋರು ಗೊತ್ತಿತ್ತು ನಮಗೆ, ಹುಲ್ಲಿನ ಬಯಲಿಗೂ ಪ್ಲಾನ್ ಬರೆಯೋರು ಇರ್ತಾರೆ ಅಂತ ಅವತ್ತೇ ತಿಳಿದದ್ದು. ದೊಡ್ಡೋರು ಗೋವರ್ಧನ ಸಾಹೇಬ್ರು, ತಲೆ ನರೆತಿತ್ತು, ಯಾವಾಗ್ಲೂ ಒಂದು ಬಿಳೀ ಟೋಪಿ, ಕೈ ಹಿಂದಕ್ಕೆ ಕಟ್ಟಿರೋರು. ಇನ್ನೊಬ್ಬರು ಮೋನಿಕಾ ಮೇಡಂ, ಅವ್ರ ಕೈಕೆಳಗೆ ಕಲಿತಾಕಿ, ಬಿಸಿಲಿಗೆ ಮೂಗಿನ ತೊಗಲು ಸುಲಿದಿದ್ರೂ ನೆಳ್ಳಿಗೆ ಬರ್ತಿರಲಿಲ್ಲ. ಎಂಥೋರು ಅಂತೀರಿ! ಸಾಹೇಬ್ರು ನೆಲಕ್ಕೆ ಕೆನ್ನೆ ಕೊಟ್ಟು ಮಲಗಿ ಇಳಿಜಾರು ನೋಡೋರು, ಮಳೆ ನೀರು ಯಾವ ಕಡೆ ಹೋಗ್ತದೆ, ಗಾಳಿ ಯಾವ ಕಡೆಯಿಂದ ಬರ್ತದೆ, ಎಲ್ಲಾ. ಕಂಟ್ರಾಕ್ಟರು ಬಂಡೆ ಸಿಡಿಸಾಕೆ ಮದ್ದು ತಂದಿದ್ದ. ಸಾಹೇಬ್ರು ಅದನ್ನ ವಾಪಸ್ ಕಳಿಸಿದ್ರು. ಬಂಡೆ ನಮಗಿಂತ ಮೊದಲೇ ಬಂದು ಕುಂತೈತೆ, ನಾವು ಬಳಸಿಕೊಂಡು ಹೋಗಾಣ ಅಂದ್ರು. ಕೊಳ ತೋಡಬೇಕು ಅಂದ ಕಡೆ ಹಾಸುಗಲ್ಲು ಸಿಕ್ತು, ಬೇಜಾರು ಮಾಡ್ಕಳಲಿಲ್ಲ, ಪ್ಲಾನೇ ತಿರುಗಿಸಿ ಬರೆದ್ರು. ಅಂಥೋರ ಜೊತೆ ದುಡಿದೆ ಅಂತ ಹೇಳಾಕೆ ಇವತ್ತಿಗೂ ನನ್ನ ಎದೆ ಉಬ್ತದೆ ಕಣ್ರಪ್ಪಾ. ಅವ್ರು ಬರೆದ್ರು, ಮಿಷಿನ್ನು ನೆಲ ತಿದ್ದಿತು, ನಾವು ನೆಟ್ವಿ. ಈ ಗುಡ್ಡದ ಒಂದೊಂದು ಗರಿಕೆಗೂ ನನ್ನ ಹೆಂಗಸರ ಕೈ ಗುರುತೈತೆ.

“ಎಲ್ಲಾ ಬಂತು. ಏಳನೇದು ಬರಲಿಲ್ಲ...

“ಆ ಎರಡು ಬಂಡೆ ನಡುವೆ ಗಂಗಾಳದ ಹಂಗೆ ತಗ್ಗು ಐತಲ್ಲ, ಅದನ್ನ ಕಂಡ ದಿನ ಸಾಹೇಬ್ರು ಕುಣಿದಾಡಿಬಿಟ್ಟಿದ್ರು. ಇಡೀ ಮೈದಾನದ ಜೀವ ಇಲ್ಲೈತೆ ಅಂದ್ರು. ನೆಟ್ವಿ, ಒಣಗಿತು. ಮಣ್ಣು ತಂದು ಹಾಕಿ ಮತ್ತೆ ನೆಟ್ವಿ, ಮತ್ತೆ ಒಣಗಿತು. ಮೋನಿಕಾ ಮೇಡಂ ಮಣ್ಣು ಪರೀಕ್ಷೆಗೆ ಕಳಿಸಿದ್ರು, ಮಣ್ಣಲ್ಲಿ ಏನೂ ದೋಷ ಇಲ್ಲ ಅಂತ ಬಂತು. ನೀರು ಇಂಗ್ತದೆ, ಬಿಸಿಲು ಬೀಳ್ತದೆ, ಹುಲ್ಲು ಮಾತ್ರ ಬೇರು ಬಿಡಲ್ಲ! ಯಾಕೆ ಹೇಳ್ರಿ?

“ನಮ್ಮ ಹಟ್ಟಿಯೋರಿಗೆ ಗೊತ್ತಿತ್ತು. ಬಾಯಿ ಬಿಡ್ತಿರಲಿಲ್ಲ, ಅಷ್ಟೇ. ಅದು ಸಿಡಿಲು ಬಿದ್ದ ಜಾಗ. ನಾನು ಹೊಸದಾಗಿ ಮದುವೆಯಾಗಿ ಬಂದ ವರ್ಷ, ನಮ್ಮತ್ತೆ ಕಾಟಮ್ಮ ಅಲ್ಲಿ ಕುರಿ ನಿಲ್ಲಿಸಿದ್ದಳು. ಮಳೆ ಬಂತು ಅಂತ ಕುರಿಯೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ವು, ನಡುವೆ ಅವಳು. ಒಂದೇ ಸಿಡಿಲು... ಮಂದೆಗೆ ಮಂದೆಯೇ ಹೋಯ್ತು, ಅವಳೂ ಹೋದಳು. ಓಡಿದ್ರೆ ಅವಳೊಬ್ಬಳು ಉಳೀತಿದ್ದಳೇನೋ. ಕುರಿ ಬಿಟ್ಟು ಓಡೋ ಹೆಂಗಸಲ್ಲ ಅವಳು.

“ನಮ್ಮತ್ತೆ ಅಂದ್ರೆ ಏನಂದ್ಕಂಡ್ರಿ? ಹೊಲದಾಗೆ ಕುರಿ ಮಂದೆ ಒಂದು ರಾತ್ರಿ ತಂಗಿದ್ರೆ ಆ ಗೊಬ್ಬರಕ್ಕೆ ಸಮ ಇನ್ನೊಂದಿಲ್ಲ. ಅದಕ್ಕೇ ಹಿರಿಯೂರು, ಹೊಸದುರ್ಗದ ಕಡೆಯ ದೊಡ್ಡ ದೊಡ್ಡ ಗೌಡರು ನಮ್ಮ ಹಟ್ಟಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ವೀಳ್ಯ ಹಿಡಿದು, ‘ನಮ್ಮ ಹೊಲದಾಗೆ ಮಂದೆ ನಿಲ್ಸವ್ವ’ ಅಂತ ಕರೀತಿದ್ರು. ವೀಳ್ಯ ಬಂದ್ರೆ ಹೋಗೋಳು. ಬರದಿದ್ರೆ ಅವಳ ಕುರಿ ಇನ್ನೊಬ್ಬರ ಬದುವಿನ ಮೇಲೂ ಕಾಲಿಡ್ತಿರಲಿಲ್ಲ. ಕರೆಯದೆ ಹೋದೋಳಲ್ಲ ನಮ್ಮತ್ತೆ!”

 ತಗಡಿನ ಮೇಲೆ ಮಳೆಯ ಸದ್ದು ಜೋರಾಯಿತು. ಮಲ್ಲೇಶ್ ಮೊಬೈಲಿನ ಬೆಳಕನ್ನು ನೆಲಕ್ಕೆ ತಿರುಗಿಸಿ ಇಟ್ಟ. ಯಲ್ಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು.

“ಈ ಜಾಗದ ಯಜಮಾನ ಒಂದಿನ ಬಂದ. ಒಣಗಿದ ಏಳನೇದು ನೋಡಿದ. ದಸರಾ ಹೊತ್ತಿಗೆ ಇದು ಹಸಿರಾಗದಿದ್ರೆ ಆ ಬಂಡೆ ಎರಡೂ ಕ್ರಷರಿಗೆ ಹೋಗ್ತವೆ, ಜಾಗ ಸಪಾಟು ಮಾಡಿ ಬೇರೆಯೋರ ಕೈಲಿ ಪ್ಲಾನ್ ಬರೆಸ್ತೀನಿ ಅಂದು ಕಾರು ಹತ್ತಿದ. ಸಾಹೇಬ್ರು ಬಂಡೆಗೆ ಒರಗಿ ಕುಂತ್ರು. ಇದು ನನ್ನ ಕೊನೇ ಮೈದಾನ ಯಲ್ಲಕ್ಕ, ಇದೊಂದು ಗುಳಿ ನೆಟ್ಟಗೆ ನಿಂತಿದ್ರೆ ಸಾಕಿತ್ತು ಅಂದ್ರು. ನನ್ನ ಕರುಳು ಚುರುಕ್ ಅಂತು. ಅವ್ರದ್ದಷ್ಟೇ ಅಲ್ಲ ಕಣ್ರಪ್ಪಾ, ಆ ಬಂಡೆ ಪುಡಿಯಾದ್ರೆ ನಮ್ಮತ್ತೆ ನಿಂತ ಜಾಗನೂ ಹೋಗ್ತಿತ್ತು.

“ಅವತ್ತು ಹೊತ್ತು ಮುಳುಗೋ ಹೊತ್ತಿಗೆ ನಾನು ಅಲ್ಲೇ ಇದ್ದೆ. ಗಂಟೆ ಸದ್ದು... ಕುರಿ ಕೊರಳಿನ ಗಂಟೆ. ಆಮೇಲೆ ನಾಲಿಗೆ ಹೊಡೆದು ಕುರಿ ತಿರುಗಿಸೋ ಸದ್ದು. ನೋಡ್ತೀನಿ, ಕುರಿ ಇಲ್ಲ, ಮರಿ ಇಲ್ಲ, ಒದ್ದೆ ಉಣ್ಣೆ ವಾಸನೆ ಮಾತ್ರ ಮೂಗಿಗೆ ಬಡೀತೈತೆ. ನನ್ನ ಹೆಂಗಸರು ಮೊದಲಿಂದ ಹೇಳ್ತಿದ್ರು, ನಾನೇ ಬೈದು ಬಾಯಿ ಮುಚ್ಚಿಸಿದ್ದೆ. ಆ ಸದ್ದು ಬಂಡೆ ತನಕ ಬರ್ತದೆ, ಅಲ್ಲೇ ನಿಲ್ತದೆ, ಒಳಗೆ ಒಂದು ಹೆಜ್ಜೆನೂ ಇಡಲ್ಲ. ಆಗ ಹೊಳೀತು ನೋಡ್ರಿ ನನಗೆ. ನಮ್ಮತ್ತೆ ಜಾಗವೇ ಇರಬಹುದು, ಈಗ ಅದು ಇನ್ನೊಬ್ಬರು ಹಸನು ಮಾಡಿ ಸಸಿ ನೆಟ್ಟ ನೆಲ. ಯಾರಾದ್ರೂ ಕರೀಲಿ ಅಂತ ಕಾಯ್ತಾ ನಿಂತವಳೆ! ಸತ್ತ ಮೇಲೂ ಮರ್ಯಾದೆ ಬಿಡದ ಹೆಂಗಸು... ಹೆದರಿಕೆ ಆಗಲಿಲ್ವಾ ಅಂತೀರಾ? ಮೈ ಜುಮ್ ಅಂತು. ಆದ್ರೆ ಅದಕ್ಕಿಂತ ಹೆಮ್ಮೆ ಆಯ್ತು.

“ನಮ್ಮ ಹಟ್ಟಿ ಪೂಜಾರಿ ಕಾಟಯ್ಯನ್ನ ಕೇಳಿದೆ. ಕರೀಬಹುದು, ನೆಲ ಹಸನು ಮಾಡಿದೋರೇ ಕರೀಬೇಕು ಅಂದ. ಬಂದು ಕೆಲಸ ಆದ ಮೇಲೆ ಊಟ ಇಟ್ಟು ಕಳಿಸಬೇಕು, ಕಳಿಸುವಾಗ ‘ಹೋಗು’ ಅನ್ನಬೇಕು, ಅಷ್ಟೇ ಅನ್ನಬೇಕು ಅಂದ. ಬಾಯಿ ತಪ್ಪಿ ‘ಹೋಗಿ ಬಾ’ ಅಂದೀಯಾ, ಆಮೇಲೆ ಅವಳ ಬರವಿಗೆ ಕೊನೆ ಇರಲ್ಲ ಅಂತ ಎರಡು ಸಲ ಹೇಳಿದ.

“ಸಾಹೇಬ್ರಿಗೆ ಹೆಂಗೆ ಹೇಳೋದು? ಓದಿದೋರು, ನಗ್ತಾರೇನೋ ಅಂತ ಅಳುಕಿತ್ತು. ಹೇಳಿದೆ. ನಗಲಿಲ್ಲ. ಟೋಪಿ ತೆಗೆದ್ರು, ಬೂಟು ಬಿಚ್ಚಿದ್ರು, ಕಾರೇಮುಳ್ಳಿನ ನೆಲದ ಮೇಲೆ ಬರಿಗಾಲಲ್ಲಿ ನಿಂತ್ರು. ಮೋನಿಕಾ ಮೇಡಂ ನನ್ನ ತೋಳು ಹಿಡ್ಕಂಡಿದ್ರು. ಹೊತ್ತು ಮುಳುಗಿತು, ಗಂಟೆ ಸದ್ದು ಬಂತು, ಬಂಡೆ ಹತ್ರ ನಿಂತಿತು. ಸಾಹೇಬ್ರು ಎಲೆ ಅಡಿಕೆ ಮುಂದೆ ಹಿಡಿದು ಅಂದ್ರು, ‘ಬರ್ರಮ್ಮಾ, ನಮ್ಮ ನೆಲದಾಗೆ ಮಂದೆ ನಿಲ್ಲಿಸ್ರಿ.’

“ಕೈಯಾಗಿದ್ದ ಎಲೆ... ಹೋಯ್ತು. ಗಾಳಿ ಇರಲಿಲ್ಲ, ಬೀಳಲೂ ಇಲ್ಲ. ತಗೊಂಡಳು.

“ಆಮೇಲೆ ನಮ್ಮ ಎರಡೂ ಕಡೆಯಿಂದ ಮಂದೆ ಒಳಗೆ ನುಗ್ಗಿತು ನೋಡ್ರಿ! ಕಣ್ಣಿಗೆ ಏನೂ ಇಲ್ಲ. ಮೊಣಕಾಲಿಗೆ ಉಣ್ಣೆ ಉಜ್ಜಿಕೊಂಡು ಹೋಗ್ತೈತೆ, ಬಿಸಿ ಉಸಿರು ಕೈಗೆ ತಾಗ್ತೈತೆ. ಮೇಡಂ ಕಣ್ಣಾಗೆ ನೀರು. ನಾನು ಸೆರಗು ತಲೆ ಮೇಲೆ ಹೊದ್ದು ಅತ್ತೆಗೆ ಕೈ ಮುಗಿದೆ. ಬೆಳಗಾಗೆದ್ದು ಬಂದ್ವಿ. ಗುಡ್ಡವೆಲ್ಲ ಇಬ್ಬನಿ ಬಿದ್ದು ಬೆಳ್ಳಗೈತೆ. ಏಳನೇದರಾಗೆ ಮಾತ್ರ ಇಬ್ಬನಿ ಬೀಳದ ಒಣ ಜಾಗ, ಇಲ್ಲೊಂದು, ಅಲ್ಲೊಂದು... ಕುರಿ ಮಲಗಿದ ಅಳತೆಗೆ. ಸಾಹೇಬ್ರು ಪಕ್ಕದಾಗೆ ಕುಕ್ಕರುಗಾಲಲ್ಲಿ ಕುಂತು ಒಂದು ಗುರುತಿನ ಮೇಲೆ ಕೈ ಇಟ್ರು. ಬೆಚ್ಚಗೈತೆ ಯಲ್ಲಕ್ಕ ಅಂದ್ರು.

“ಹುಲ್ಲು ಬಂತಾ ಅಂತ ಕೇಳ್ತೀರಾ? ನೀವೇ ದಿನಾ ನೋಡ್ತೀರಲ್ಲ! ದಸರಾಕ್ಕೆ ಯಜಮಾನ ಬಂದು, ಆ ಹುಲ್ಲಿನ ಮೇಲೆ ಅತ್ತಿಂದಿತ್ತ ತಿರುಗಿ, ಸಾಹೇಬ್ರ ಕೈ ಕುಲುಕಿ ಹೋದ. ಬಂಡೆ ಉಳೀತು. ಗುಳಿ ಉಳೀತು. ಈಗ ಎಲ್ಲೆಲ್ಲಿಂದಲೋ ಜನ ಬಂದು ಆ ಏಳನೇದರ ಮುಂದೆ ನಿಂತು ಫೋಟೋ ತೆಗೆಸ್ಕಳ್ತಾರೆ. ನಮ್ಮತ್ತೆ ಮಂದೆ ನಿಂತ ನೆಲ ಅದು.

“ಇನ್ನು ಕಳಿಸೋದು ಉಳಿದಿತ್ತು. ಮುದ್ದೆ, ಹುರುಳಿ ಸಾರು ತಗೊಂಡು ಹೋಗಿ ಬಂಡೆ ಮುಂದೆ ಇಟ್ಟೆ. ‘ಹೋಗು’ ಅನ್ನಬೇಕು, ಅಷ್ಟೇ. ಹೇಳ್ರಿ ನೋಡಾಣ, ನೀವಾದ್ರೂ ಯಾರಿಗಾದ್ರೂ ಬಾಗಿಲಾಗೆ ನಿಂತು ಬರೀ ‘ಹೋಗು’ ಅಂದೀರಾ? ನಾಯಿಗೆ ಅಂತಾರೆ ಹಂಗೆ. ನಮ್ಮ ನೆಲ ಹಸಿರು ಮಾಡಿದಾಕಿ, ನಮ್ಮ ಮನೆ ಹಿರಿಯಾಕಿ... ಅವಳಿಗೆ ಹೋಗು ಅನ್ನಾಕೆ ನನ್ನ ನಾಲಿಗೆ ಸೀದು ಹೋಗಿತ್ತಾ? ಕಾಟಯ್ಯ ಏನಾದ್ರೂ ಅಂದ್ಕಳ್ಳಲಿ. ನೆಟ್ಟಗೆ ನಿಂತು, ತಿಳಿದೂ ತಿಳಿದೇ ಅಂದೆ, ‘ಹೋಗಿ ಬಾರತ್ತೆ.’

“ಬಂಡೆ ಪಕ್ಕದಿಂದ ಮಾತು ಬಂತು. ಅದೇ ದನಿ, ನಾನು ಸೊಸೆಯಾಗಿ ಬಂದಾಗ ಕೇಳಿದ ದನಿ. ‘ಬರ್ತೀನಿ’ ಅಂತು.

“ಬರ್ತಾಳೆ. ವರ್ಷ ವರ್ಷಾನೂ ಬರ್ತಾಳೆ, ನಾನೂ ಹೋಗಿ ಊಟ ಇಟ್ಟು ಬರ್ತೀನಿ. ಮಳೆ ಇರಲಿ, ಬಿಸಿಲಿರಲಿ.”

ಮಲ್ಲೇಶ್ ಮೆಲ್ಲಗೆ ಕೇಳಿದ, ಆರ್ಕಿಟೆಕ್ಟ್ ಸಾಹೇಬ್ರು ಆಮೇಲೆ ಈ ಕಡೆ ಬಂದರೇ ಎಂದು. 

“ಸಾಹೇಬ್ರು ಹೋದ ವರ್ಷ ಬೆಂಗಳೂರಿನಾಗೆ ತೀರಿಕೊಂಡ್ರು. ಮೋನಿಕಾ ಮೇಡಂ ಫೋನ್ ಮಾಡಿ ಹೇಳಿದ್ರು, ಅತ್ತರು. ಮೈದಾನದಾಗೆ ಆಟ ಶುರುವಾದ ದಿನ ಕಾರು ಹತ್ತುವಾಗ ಅವ್ರೂ ಏನಂದಿದ್ರು? ‘ಬರ್ತೀನಿ ಯಲ್ಲಕ್ಕ’ ಅಂದಿದ್ರು. ‘ಹೋಗಿ ಬರ್ರಿ’ ಅಂದಿದ್ದೆ. ಎಲ್ಲರೂ ಅನ್ನೋ ಮಾತು, ಅಲ್ವಾ?... ಈ ವರ್ಷ ಮಂದೆ ಬಂದಾಗ ಬಂಡೆ ಪಕ್ಕ ನಮ್ಮತ್ತೆ ಒಬ್ಬಳದೇ ಅಲ್ಲ, ಇನ್ನೊಬ್ಬರ ಸದ್ದೂ ಇತ್ತು. ಬೆಳಗ್ಗೆ ಎದ್ದು ಹೋದ್ರೆ ಕುರಿ ಗುರುತಿನ ನಡುವೆ ಇನ್ನೊಂದು ಒಣ ಗುರುತು. ಉದ್ದಕ್ಕೆ, ಆಳುದ್ದಕ್ಕೆ. ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ ಗುರುತು.

“ತಮ್ಮ ಕೆಲಸ ನೋಡಾಕೆ ಬಂದವ್ರೆ. ಬರದೆ ಏನು?”

ಲತಾ ನನ್ನ ಹತ್ತಿರ ಸರಿದು ಕೂತಳು.  ವರ್ಷ ವರ್ಷವೂ ಅಲ್ಲಿಗೆ ಹೋಗಿ ಊಟ ಇಟ್ಟು ಬರುವವರು ನೀವು, ನಿಮ್ಮ ನಂತರ ಅವರನ್ನೆಲ್ಲ ನೋಡಿಕೊಳ್ಳುವವರು ಯಾರು ಎಂದೆ.

“ನನ್ನ ನಂತರ?” ಯಲ್ಲಕ್ಕ ನಕ್ಕರು. “ನಾನಿರಲ್ಲ ಅಂತ ಯಾರಪ್ಪಾ ಹೇಳಿದ್ದು ನಿನಗೆ? ನಾನು ನೆಟ್ಟ ಹುಲ್ಲದು.”

ಮೊಣಕಾಲಿಗೆ ಕೈ ಊರಿ ಎದ್ದರು. ಕೊಪ್ಪೆ ತಲೆಗೆ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಹೋಗಿ, ಹೊರಗಿನ ಮಳೆ ನೋಡುತ್ತ, ಬರ್ತೀನಿ ಎಂದರು. ನಾವು ಮೂವರೂ ಕೂತಲ್ಲೇ ಕೂತಿದ್ದೆವು. ಅವರು ಹೋಗಲಿಲ್ಲ. ಸ್ವಲ್ಪ ಹೊತ್ತು ಕಾದು, ನಮ್ಮ ಕಡೆ ತಿರುಗಿದರು.

“ಏನ್ರಪ್ಪಾ... ಹೋಗಿ ಬಾ ಅನ್ನಾಕೆ ಒಬ್ಬರಿಗೂ ಬಾಯಿಲ್ವಾ?”