ನೂರಾ ಹನ್ನೊಂದನೇ ದಿನ

...ಅಲ್ಲ ಕಣಣ್ಣ, ಡೈರಿ ಪೆಟ್ಗೇಲಿ ಇರ್ತದ, ಇದು ಕಂಪ್ಯೂಟರ್‌ಲಿ ಇರ್ತದ. ಬ್ಲಾಗು ಅಂತಾರ. ಯಾರ್ ಬೇಕಾರೂ ಓದಬೋದು. ಅಯ್ಯೊ, ಬಾಗ್ಲಲ್ಲೇ ಯಾಕ್ ನಿಂತಿದ್ದೈ ಮಾದಣ್ಣ, ಒಳಿಕ್ ಬಾ. ಶಿವಮ್ಮಿ, ಉಡಿಗಾಲದಿಂದ ಅಣ್ಣ ಬಂದವ್ನೆ, ಕಾಪಿ ಇಡು! ಒಂದು ವರ್ಷ ಮಾತು ಬುಟ್ಟಿದ್ದೋನು ಗುಂಡ್ಲುಪೇಟೆ ತನ್ಕ ಬಂದಿದ್ದೈ ಅಂದ್ರೆ ನಂಗ್ ಗೊತ್ತಾಯ್ತದ ಬುಡು. ನಾಳೆ ಅವ್ವನ ವರ್ಷದ ಎಡೆ. ಕರಿಯಕ್ ಬಂದಿದ್ದೈ, ಅಲ್ವಾ? ...ಆಯ್ತು, ಕೂತು ನಿಧಾನಕ್ಕೆ ಕರಿ.

ಯಾಕ್ ನಗ್ತಿದ್ದೈ? ನಾನು ಮೊದ್ಲಿನ ಮಲ್ಲಿಕಾರ್ಜುನಸ್ವಾಮಿ ಅಲ್ಲ ಕಣಣ್ಣ. ಊಟುಕ್ ಬುಟ್ ತಕ್ಷಣ ಫಾರೆಸ್ಟ್ ಆಪೀಸಿಂದ ಸೀದಾ ಸೈಬರ್ ಅಂಗ್ಡಿಗೆ ಓಯ್ತಿನಿ. ಇವತ್ತು ನನ್ನಲ್ಲಿ ಏನು ತಿದ್ಕಂಡೆ ಅಂತ ದಿನಾ ಒಂದು ಪುಟ. ಕೋಪ ಬುಟ್ಟೆ. ಬೇಕಾರೆ ಶಿವಮ್ಮನ್ನೇ ಕೇಳು... ಲೇ, ಅಲ್ಲಿಂದ ಏನ್ ಕೆಮ್ತಿದ್ದೈ, ಕಾಪಿ ತಕ್ಕಬಾ ಅಂದ್ನಲ್ಲ! ...ಅದು ಕೋಪ ಅಲ್ಲಣ್ಣ, ನನ್ ಗಂಟ್ಲೇ ದಪ್ಪ. ಬೀಡಿನೂ ಬುಟ್ಟೆ. ಏನು, ಈ ಜೇಬಲ್ಲಿರದಾ? ಅದು ಆಪೀಸ್ನೋರ್ದು.

ಮಂಡ್ಯದ ಮೇಷ್ಟ್ರೊಬ್ರು ಬರ್ದವ್ರೆ, ನಿಮ್ಮ ಬರಹ ಓದಿ ನಾನೂ ಮನುಷ್ಯನಾದೆ ಅಂತ. ಗುಟ್ಟು ಏನಪ್ಪ ಅಂದ್ರೆ, ಒಂದಿನಾನೂ ತಪ್ಪಿಸ್ಬಾರ್ದು. ಜ್ವರ ಬರ್ಲಿ, ಮಳೆ ಬರ್ಲಿ. ನಾನು ಒಂದಿನಾನೂ ತಪ್ಸಿಲ್ಲ. ...ಯಾಕಂಗ್ ನೋಡ್ತಿದ್ದೈ?

ಅವ್ವನ ಮಣ್ಣಿನ ಮಾತಾ? ಎಷ್ಟ್ ಸಲ ಏಳ್ಲಿ. ಆವತ್ತು ಬಂಡೀಪುರದ ಕಾಡೊಳಗೆ ಡ್ಯೂಟಿ, ಮೊಬೈಲ್‌ಗೆ ಸಿಗ್ನಲ್ ಇಲ್ಲ, ಸುದ್ದಿ ಗೊತ್ತಾಗೊತ್ಗೆ ಸಂಜೆ. ನೀವೆಲ್ಲ ಮೂರು ಗಂಟೆ ತನ್ಕ ಕಾದ್ರಿ, ಕಿರಿಮಗನ ಹಿಡಿ ಮಣ್ಣನ್ನೂ ನೀನೇ ಆಕ್ದೆ. ನಂಗೂ ಸಂಕಟ ಇಲ್ವಾ? ದೇವ್ರಾಣೆಗೂ...

ಅದ್ಯಾವ ಕಾಗದ? ಭಾನು ಕೊಟ್ಳಾ? ಓಹೋ, ನಿನ್ ಮಗ್ಳೂ ನನ್ ಬ್ಲಾಗ್ ಓದ್ತಾಳ! ಚಾಮರಾಜನಗರದ ಕಾಲೇಜ್ ತಾವ ಪ್ರಿಂಟ್ ತಗ್ಸವ್ಳೆ. ಕೊಡು, ನಾನೇ ಓದಿ ಏಳ್ತಿನಿ. 'ನೂರಾ ಹನ್ನೊಂದನೇ ದಿನ. ಈಗತಾನೇ ಊರಿನಿಂದ ಫೋನ್ ಬಂತು. ನನ್ನ ಅವ್ವ ಇನ್ನಿಲ್ಲ. ದುಃಖವನ್ನು ಗೆಲ್ಲುವುದು ಹೇಗೆ...'

...ಕೆಳಗೆ ಟೈಮು ತಾನಾಗೇ ಬಿದ್ಬುಡ್ತದ ಕಣಣ್ಣ. ಹನ್ನೆರಡೂಕಾಲು.

ಅರ್ಧ ಗಂಟೆ ಅನ್ಕಂಡಿದ್ದೆ. ಬರ್ದು ಮುಗ್ಸಿ ಒಂದು ಗಂಟೆ ಬಸ್ಸಿಗೆ ಬತ್ತಿದ್ದೆ. ಅಷ್ಟೊತ್ಗೆ ಒಬ್ಬೊಬ್ರೇ ಸಮಾಧಾನ ಬರಿಯಕ್ಕೆ ಸುರು ಮಾಡುದ್ರು. ಹೆತ್ರೆ ಇಂಥ ಮಗನ್ನ ಹೆರ್ಬೇಕು ಅಂದ್ರು. ನಾನು ಒಬ್ಬೊಬ್ರಿಗೂ ಉತ್ರ ಬರಿತಾ ಕೂತ್ಬುಟ್ಟೆ. ಒಂದು ಗಂಟೆ ಬಸ್ಸೂ ಓಯ್ತು, ಎರಡರದೂ ಓಯ್ತು. ಏಳಕ್ಕೇ ಮನ್ಸು ಬರ್ಲಿಲ್ಲ ಕಣಣ್ಣ. ಅವ್ವ ಅಲ್ಲಿ ಮಲಗಿದ್ಲು, ನಂಗಿಲ್ಲಿ ಹೊಗಳ್ತಿದ್ರು.

ಬೈಯಿ. ಕೆನ್ನೆಗೆ ಎರಡು ಬಾರ್ಸು. ಏನಾರ ಅನ್ನಣ್ಣ... ಚಪ್ಲಿ ಯಾಕ್ ಮೆಟ್ತಿದ್ದೈ? ಕಾಪಿ ಬಂತು ನೋಡು. ಕಾಗದನೂ ಇಲ್ಲೇ ಬುಟ್ಟೋಯ್ತಿದ್ದೈ. ಇವತ್ತಿಂದು ನಾನು ಬರಿಯಲ್ಲ, ನಿನ್ನಾಣೆ, ನಾಳೆದೂ ಬರಿಯಲ್ಲ. ನಿಂತ್ಕ ಮಾದಣ್ಣ... ಎಡೆಗೆ ಬಾ ಅಂತ ಇನ್ನೂ ಕರಿಲೇ ಇಲ್ವಲ್ಲ ನೀನು.