ಗುಣವಾಗುವ ಮೊದಲೇ ಹೇಳಿದ ಸ್ತೋತ್ರ

ಕಥೆ ಎಂದ ಕೂಡಲೇ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡುತ್ತೇನೆಂದು ಕಾಯುತ್ತಿದ್ದೀರಿ, ನನಗೆ ಗೊತ್ತು. ಆಗಲಿ, ಇವತ್ತಿನವನೂ ಶ್ರೀಮಂತನೇ. ಆದರೆ ಹೊಲ ಮನೆಯಲ್ಲಿ ಅಲ್ಲ, ಪ್ರಾರ್ಥನೆಯಲ್ಲಿ. ಕೈಮಗ್ಗಗಳ ಒಂದು ಊರು. ಅಲ್ಲಿ ನಮ್ಮದರಂಥದೇ ಒಂದು ಕ್ರೈಸ್ತ ಸಭೆ. ಆ ಸಭೆಯ ಹಿರಿಯರಲ್ಲಿ ಇವನೊಬ್ಬ. ಹೆಸರು ಬೇಕಲ್ಲವೇ? ದಾನಿಯೇಲಪ್ಪ ಎನ್ನೋಣ.

ಯಾರ ಮನೆಯಲ್ಲಿ ಯಾರೇ ಮಲಗಲಿ, ಹೇಳಿಕಳಿಸುವುದು ದಾನಿಯೇಲಪ್ಪನಿಗೆ. ಬಂದು ಮಂಚದ ಪಕ್ಕ ಮೊಣಕಾಲೂರಿದನೆಂದರೆ, ಅವನಿಗೆಂದು ತಂದ ಚಹಾ ಆರಿ ಕೆನೆಗಟ್ಟುವಷ್ಟು ಹೊತ್ತು ಪ್ರಾರ್ಥನೆ. ಎದ್ದ ಮೇಲೆ ಒಂದೇ ಮಾತು: "ವಿಶ್ವಾಸ ಇಡ್ರಿ. ಅಂಜಬ್ಯಾಡ್ರಿ." ನೋಡಿ, ಒಳ್ಳೆಯ ಮನುಷ್ಯ. ಅವನನ್ನು ನಾನು ಹಗುರ ಮಾಡುತ್ತಿಲ್ಲ.

ಒಂದು ವರ್ಷ ಅವನ ಮನೆಯಲ್ಲೇ ಮಂಚ ಹಾಕಬೇಕಾಯಿತು. ಹೆಂಡತಿ ಸುವಾರ್ತವ್ವನಿಗೆ ಹೃದಯದ ಕವಾಟ ಕೆಟ್ಟಿತು. ಅಡುಗೆಮನೆಯಿಂದ ಬಾಗಿಲತನಕ ನಡೆದರೆ ಏದುಸಿರು. ತಲೆ ಬಾಚಿಕೊಳ್ಳಲು ಕೈ ಎತ್ತಿದರೂ ಎದೆ ಡವಗುಟ್ಟುತ್ತಿತ್ತು. ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು.

ಆಗ ಸ್ತ್ರೀಯರ ಕೂಟದವರು ಏನು ಮಾಡಿದರು ಗೊತ್ತೇ? ಸರದಿ ಹಾಕಿಕೊಂಡರು. ಸೋಮವಾರ ಒಬ್ಬಳು ಗಂಜಿ ತರುವಳು. ಮಂಗಳವಾರ ಇನ್ನೊಬ್ಬಳು ಬಂದು ಕೀರ್ತನೆ ಹಾಡುವಳು, ಸ್ವರ ಸರಿ ಇರಲಿ ಬಿಡಲಿ. ಗುರುವಾರ ಕೂಟದ ಹಿರಿಯಳು ರೂತವ್ವ ಬಂದು ಸುವಾರ್ತವ್ವನ ಹಿಂದೆ ಕೂತು ತಲೆ ಬಾಚಿ ಹೆರಳು ಹಾಕುವಳು. ಹಾಕುತ್ತಾ ಊರಿನ ಸುದ್ದಿಯೆಲ್ಲ ಹೇಳುವಳು. ಆ ಸುದ್ದಿ ಕೇಳಿ ಸುವಾರ್ತವ್ವ ನಕ್ಕರೆ ದಾನಿಯೇಲಪ್ಪ ಒಳಕೋಣೆಯಿಂದ "ಶ್" ಎನ್ನುತ್ತಿದ್ದ. ಅವನು ಅಲ್ಲಿ ಉಪವಾಸ ಪ್ರಾರ್ಥನೆಯಲ್ಲಿರುತ್ತಿದ್ದ, ಪಾಪ.

ಈಗ ಅವನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮಂಥ ವಿಶ್ವಾಸಿಗಳೇ ಮಾಡಬಹುದಾದ ತಪ್ಪು. ಆ ಸಭೆಯಲ್ಲಿ ದೇವರಿಗೆ ಕೃತಜ್ಞತೆ ಹೇಳಲು ಸ್ತೋತ್ರದ ಚೀಟಿ ಬರೆದುಕೊಡುವ ಪದ್ಧತಿ. ಮಗುವಾಯಿತು, ಜ್ವರ ಬಿಟ್ಟಿತು, ಹೀಗೆ ಬರೆದುಕೊಟ್ಟರೆ ಭಾನುವಾರ ಸಭಾಪಾಲಕರು ಓದುತ್ತಾರೆ. ದಾನಿಯೇಲಪ್ಪ ಯೋಚಿಸಿದ: ಗುಣವಾದ ಮೇಲೆ ಯಾರು ಬೇಕಾದರೂ ಸ್ತೋತ್ರ ಹೇಳುತ್ತಾರೆ, ಗುಣವಾಗುವ ಮೊದಲೇ ಹೇಳುವುದಲ್ಲವೇ ವಿಶ್ವಾಸ? ಚೀಟಿ ಬರೆದೇಬಿಟ್ಟ. ತನ್ನ ಹೆಂಡತಿಗೆ ಕರ್ತನು ಪೂರ್ಣ ಸ್ವಸ್ಥತೆ ದಯಪಾಲಿಸಿದ್ದಾನೆಂದು ಬರೆದ. ಸಭಾಪಾಲಕರು ಓದಿದರು. ಸಭೆಯೆಲ್ಲ "ಹಲ್ಲೆಲೂಯಾ" ಎಂದಿತು. ಆ ಸಭಾಪಾಲಕರಾದರೂ ಒಂದು ಗಳಿಗೆ ಮನೆಗೆ ಹೋಗಿ ನೋಡಿದರೇ? ಇಲ್ಲ. ನಾನೂ ಅದೇ ಕೆಲಸದವನು, ಆದ್ದರಿಂದ ಧಾರಾಳವಾಗಿ ಬೈಯುತ್ತೇನೆ.

ದೇವಾಲಯದ ಬಾಗಿಲ ಬಳಿ ರೂತವ್ವ ಅವನ ಕೈ ಹಿಡಿದು ಖುಷಿಯಿಂದ ಅತ್ತಳು. "ನಾಳೆ ಬಂದು ನೋಡ್ಲೇನು ಆಕಿನ್ನ?" ಎಂದಳು. ಇವನು, "ಈಗ ಬ್ಯಾಡ ಬೇ, ವಿಶ್ರಾಂತಿ ತಗೊಳ್ಳಾಕತ್ತಾಳ" ಎಂದುಬಿಟ್ಟ.

ಆಯಿತಲ್ಲ. ಗುಣವಾದ ಮನೆಗೆ ಗಂಜಿ ಯಾಕೆ? ಕೂಟದವರು ಸರದಿಯನ್ನು ಇನ್ನೊಬ್ಬ ರೋಗಿಯ ಮನೆಗೆ ಬದಲಾಯಿಸಿದರು. ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ಇಲ್ಲ. ಗುರುವಾರವೂ ಇಲ್ಲ. ಸುವಾರ್ತವ್ವ ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಎರಡು ವಾರದಲ್ಲಿ ಅವಳ ಕೂದಲು ಗಂಟುಗಂಟಾಯಿತು. ಅವನೇ ಬಾಚಲು ಕೂತ. ಬಾಚಣಿಗೆ ಹಿಡಿದು ಗೊತ್ತಿಲ್ಲದ ಕೈ, ಎಳೆದಲ್ಲೆಲ್ಲ ಅವಳಿಗೆ ನೋವು.

"ಏನ್ರೀ, ಯಾರೂ ಯಾಕ ಬರವಲ್ರು?" ಎಂದು ಕೇಳಿದಳು. "ನನ್ನಿಂದ ಏನರ ತಪ್ಪಾತೇನು? ರೂತವ್ವಗ ಏನರ ಅಂದೆನೇನು ನಾ?"

ಅವನು ತಲೆ ತಗ್ಗಿಸಿ ಇನ್ನೊಂದು ಗಂಟು ಬಿಡಿಸತೊಡಗಿದ. ಆ ವಾರವೇ ಆಸ್ಪತ್ರೆಯಿಂದ ತಿಳಿಸಿದರು: ಬುಧವಾರ ಆಪರೇಶನ್, ನಾಲ್ಕು ಬಾಟಲಿ ರಕ್ತ ಕೊಡುವವರನ್ನು ಕರೆದುಕೊಂಡು ಬನ್ನಿ. ಯಾರನ್ನು ಕರೆಯುತ್ತಾನೆ? ಕರೆಯಬೇಕಾದವರೆಲ್ಲ ಅವಳು ಗುಣವಾದಳೆಂದು ಹಲ್ಲೆಲೂಯಾ ಹೇಳಿ ಮನೆಗೆ ಹೋಗಿದ್ದಾರಲ್ಲ.

ಶನಿವಾರ ಮಧ್ಯಾಹ್ನ ಅವನು ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಸುವಾರ್ತವ್ವ ದಿಂಬಿಗೆ ಒರಗಿ ಎದ್ದು ಕೂತಳು. ಆಮೇಲೆ, "ನನಗ ಆರಾಮಾತಂತ ಊರಿಗೆಲ್ಲಾ ಹೇಳಿ, ನನಗೊಬ್ಬಾಕಿಗೆ ಹೇಳದ ಬಿಟ್ರಲ್ಲ" ಎಂದಳು. ನಗಿ, ನಗಿ, ಅವಳೂ ನಕ್ಕಳು. ನಕ್ಕು ಉಸಿರು ಹತ್ತಿ, ಸುಧಾರಿಸಿಕೊಂಡು ಕೇಳಿದಳು: "ಖರೇ ಹೇಳ್ರಿ. ದೇವರನ್ನ ನಂಬಿ ಬರದ್ರೋ, ಅಂಜಿ ಬರದ್ರೋ?"

ಮಂದಿಯ ಮುಂದೆ ಎಂದೂ ಕಣ್ಣೀರು ಹಾಕದವನು ಅವಳ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತ. "ಅಂಜಿ" ಎಂದ. "ನೀ ಹೋಗಿಬಿಡ್ತಿ ಅಂತ ಅಂಜಿ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ಹಂಗಾದ್ರ ಅದನ್ನ ಹೇಳ್ರಿ. ನನಗೂ ಅಂಜಿಕಿ ಐತಿ. ನೀವು ಒಳಗ ದೇವರ ಜೋಡಿ ಮಾತಾಡಾಕತ್ತಿದ್ರಿ, ನಾ ಹೊರಗ ಒಬ್ಬಾಕಿನ ಅಂಜಿಕೊಂಡು ಮಲಗಿದ್ದೆ" ಎಂದಳು.

ನನ್ನ ಜನರೇ, ಈ ಮಾತಿಗೆ ಬಂದಾಗಲೆಲ್ಲ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಗುತ್ತದೆ. ಒಂದು ನಿಮಿಷ ಕೊಡಿ.

ಮರುದಿನ ಭಾನುವಾರ. ಪಕ್ಕದ ಮನೆಯ ಮುದುಕಿಯನ್ನು ಹೆಂಡತಿಯ ಬಳಿ ಕೂರಿಸಿ ಅವನು ದೇವಾಲಯಕ್ಕೆ ಬಂದ. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತ. ಇನ್ನು ಅರ್ಧ ಗಂಟೆ ಎಂದು ಎಲ್ಲರೂ ಬೆಂಚಿಗೆ ಒರಗಿ ಕೂತರು. ಅವನು ಹೇಳಿದ್ದು ಇಷ್ಟೇ: "ನಾ ಸುಳ್ಳು ಬರದುಕೊಟ್ಟಿದ್ದೆ. ನನ್ನ ಹೇಣ್ತಿಗೆ ಆರಾಮಾಗಿಲ್ಲ. ಬುಧವಾರ ಎದಿ ಆಪರೇಶನ್. ನಾಕು ಬಾಟ್ಲಿ ರಕ್ತ ಬೇಕು. ನನಗ ಭಾಳ ಅಂಜಿಕಿ ಆಗೇತಿ."

ಒರಗಿದವರೆಲ್ಲ ನೆಟ್ಟಗೆ ಕೂತರು. ಹಿರಿಯನೊಬ್ಬ ಗೊಣಗಿದ: "ದೇವರ ಪೀಠದ ಮುಂದ ಸುಳ್ಳೇನ್ರೀ? ಇದರ ಬಗ್ಗೆ ಕಮಿಟಿ ಕೂಡಬೇಕಾಗ್ತೈತಿ." ಇರುತ್ತಾರೆ, ಕಮಿಟಿ ಕೂಡಿಸುವವರು ಎಲ್ಲ ಸಭೆಯಲ್ಲೂ ಇರುತ್ತಾರೆ. ನಾನು ಯಾರ ಕಡೆಗೂ ನೋಡುತ್ತಿಲ್ಲ.

ರೂತವ್ವ ಎದ್ದಳು. "ಕಮಿಟಿ ಆಮ್ಯಾಲೆ ಕೂಡ್ರಿ. ಎರಡು ವಾರ ಆತು ಆಕಿ ತಲಿ ಬಾಚಿಲ್ಲ" ಎಂದವಳೇ, ಸೆರಗು ಸಿಕ್ಕಿಸಿಕೊಂಡು ಹೊರಗೆ ನಡೆದಳು. ಅವಳ ಹಿಂದೆ ಒಬ್ಬಳು, ಅವಳ ಹಿಂದೆ ಇಬ್ಬರು. ಹೆಂಗಸರ ಕಡೆಯ ಬೆಂಚುಗಳು ಬರಿದಾದವು. ಸಭಾಪಾಲಕರು ಪುಸ್ತಕ ಮುಚ್ಚಿ ತಾವೂ ಹೊರಟರು. ಬುಧವಾರ ರಕ್ತ ಕೊಡಲು ಹನ್ನೊಂದು ಮಂದಿ ಬಂದಿದ್ದರು. ಕಮಿಟಿಯ ಹಿರಿಯನೂ ಅಂಗಿಯ ತೋಳು ಮಡಿಚಿ ನಿಂತಿದ್ದ.

ಒಳಗೆ ಕರೆದೊಯ್ಯುವ ಮೊದಲು ಸುವಾರ್ತವ್ವ ಗಂಡನಿಗೆ ಪ್ರಾರ್ಥನೆ ಮಾಡಲು ಹೇಳಿದಳು. ಈ ಸಲ ಅವನು ಮೊಣಕಾಲೂರಲಿಲ್ಲ. ಅವಳ ಕೈ ಹಿಡಿದು, "ಕರ್ತನೇ, ಬಾಗಿಲತನಕ ಅಷ್ಟ ನನಗ ಬಿಡ್ತಾರ. ಮುಂದ ನೀ ಹಿಡಕೊ" ಎಂದ. ಅವಳು "ಆಮೆನ್" ಎಂದಳು.

ಬದುಕಿದಳೇ ಎಂದು ಕೇಳುತ್ತೀರಿ. ಬದುಕಿದಳು. ಆದರೆ ಬದುಕದಿದ್ದರೂ ಈ ಕಥೆಯನ್ನು ನಾನು ಇಲ್ಲೇ ನಿಂತು ಹೇಳುತ್ತಿದ್ದೆ. ಯಾಕೆಂದರೆ ಅವಳು ಆ ಬಾಗಿಲು ದಾಟಿದ್ದು ಒಬ್ಬಳೇ ಅಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ನಮ್ಮ ಕರ್ತನೇ ಸಂಕಟದ ಹೊತ್ತಿನಲ್ಲಿ ಸ್ನೇಹಿತರನ್ನು ಜೊತೆಗಿರಲು ಕೇಳಿಕೊಂಡ. ನೀವು ಅವನಿಗಿಂತ ಗಟ್ಟಿಯೇ? ಮನೆಯಲ್ಲಿ ಒಬ್ಬರು ಮಲಗಿರುವಾಗ, ಇಲ್ಲಿಗೆ ಬಂದು "ದೇವರ ದಯೆಯಿಂದ ಎಲ್ಲ ಚೆನ್ನಾಗಿದೆ" ಎನ್ನುತ್ತೀರಲ್ಲ, ಅದನ್ನು ಇವತ್ತಿಗೆ ನಿಲ್ಲಿಸಿ. ವಿಶ್ವಾಸವೆಂದರೆ ಅಂಜಿಕೆ ಇಲ್ಲವೆನ್ನುವುದಲ್ಲ, ಅಂಜಿಕೆಯನ್ನು ದೇವರ ಮುಂದೆಯೂ ದೇವಜನರ ಮುಂದೆಯೂ ಇಡುವುದು. ರೋಗಿಗಾಗಿ ಪ್ರಾರ್ಥಿಸುವಾಗ ಬೇರೆ ಕೋಣೆಗೆ ಹೋಗಬೇಡಿ, ಮಂಚದ ಮೇಲೆ ಕೂತು, ಕೈ ಹಿಡಿದು, ಅವರಿಗೆ ಕೇಳುವಂತೆ ಮಾಡಿ. ಉಳಿದವರೇ, ಗುಣವಾಯಿತೆಂಬ ಸುದ್ದಿ ಕೇಳಿದರೂ ಒಮ್ಮೆ ಹೋಗಿ ನೋಡಿ ಬನ್ನಿ.

ಈ ವಾರ ಅಲ್ಲ, ಈಗಲೇ ಶುರು ಮಾಡೋಣ. ಪಕ್ಕದಲ್ಲಿ ಕೂತವರ ಕಡೆ ತಿರುಗಿ. ಮನೆಯಲ್ಲಿ ನಿಜವಾಗಿ ಹೇಗಿದ್ದಾರೆಂದು ಕೇಳಿ. ಉತ್ತರ ಬರುವ ತನಕ ಅವರ ಕೈ ಬಿಡಬೇಡಿ. ಅವಸರವಿಲ್ಲ. ನೀವು ಮುಗಿಸುವವರೆಗೂ ನಾನು ಆಶೀರ್ವಾದ ಹೇಳುವುದಿಲ್ಲ, ಕಾಯುತ್ತೇನೆ.