ಕೈಗುಣ

ಅಬ್ಬಾ, ನಿಮ್ಮೂರು ಮಾಕೋದ ಬಸ್ಸು ಇನ್ನೂ ಬಂದಿಲ್ಲ ತಾನೇ! ತಡಿ, ಉಸಿರಾಡ್ಲಿ... ಯಾಕೋ ನಗ್ತೀಯ? ಓ, ಈ ಬಿಳಿ ಕೋಟಾ? ಬಿಚ್ಚೋಕೆ ಪುರುಸೊತ್ತು ಎಲ್ಲಿತ್ತು? 'ಝೊಂಬೊರ್ ಗಂಟುಮೂಟೆ ಕಟ್ಕೊಂಡು ಹೊರಟ' ಅಂದ್ರು, ಪ್ರಯೋಗಾಲಯದಿಂದ ಹಾಗೇ ಓಡಿ ಬಂದೆ. ಟ್ರಾಮಿನಲ್ಲಿ ಒಬ್ಬ ಅಜ್ಜಿ ನನ್ನನ್ನ ಡಾಕ್ಟರಮ್ಮ ಅಂದ್ಕೊಂಡು ಮಂಡಿನೋವು ಹೇಳ್ಕೊಂಡ್ಳು ಕಣೋ! ನಾನೂ ಗಂಭೀರವಾಗಿ 'ಬಿಸಿನೀರಿನ ಶಾಖ ಕೊಡಿ' ಅಂದೆ. ಐದು ವರ್ಷದ ಸಂಶೋಧನೆಯಿಂದ ಯಾರಿಗಾದ್ರೂ ಉಪಯೋಗ ಆಗಿದ್ದು ಇವತ್ತೇ.

ಹ್ಞಾ, ನಗು. ಪೊಗಾಚ ಬನ್ನು ತಿಂತೀಯಾ? ಬಿಸಿ ಇದೆ, ಚೀಸ್ ಹಾಕಿದ್ದು... ಬೇಡ್ವಾ? ಸರಿ, ನಾನೇ ತಿಂತೀನಿ.

ಅಲ್ಲ, ಊರಿಗೆ ಹೋಗಿ ಏನು ಮಾಡ್ತೀಯ? ನಿಮ್ಮಪ್ಪನ ಜೊತೆ ಬೆಳ್ಳುಳ್ಳಿ ಹೆಣೀತೀಯಾ? ಅಯ್ಯೋ, ಮುಖ ಗಂಟು ಹಾಕ್ಬೇಡ, ಕೆಲಸ ಒಳ್ಳೇದೇ! ಬೆಳ್ಳುಳ್ಳಿ ಹೆಣೆದ್ರೆ ಸಂಜೆಗೆ ಒಂದು ಸರವಾದ್ರೂ ಕಣ್ಣಿಗೆ ಕಾಣತ್ತೆ. ಆದ್ರೆ 'ನನ್ನ ಕೈ ಸರಿ ಇಲ್ಲ' ಅಂತ ಈ ಸೆಗೆದ್ ನಗರ ಬಿಟ್ಟು ಹೋಗೋದಿದ್ಯಲ್ಲ... ಅದು ಬೇಡ ಕಣೋ. ನಮ್ಮ ಗೈಡ್ ಕೆಲೆಮೆನ್ ಸರ್ ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು. 'ಅದೇ ವೇಗವರ್ಧಕ, ಎಮೊಕೆ ಮಾಡಿದ್ರೆ ಆಗತ್ತೆ, ನೀನು ಮಾಡಿದ್ರೆ ಆಗಲ್ಲ. ಕೈಗುಣ ಇಲ್ಲದವನು ರಸಾಯನಶಾಸ್ತ್ರಕ್ಕೆ ಯಾಕಯ್ಯಾ ಬಂದೆ?'... ನಾನಾ? ನಾನು ಅಲ್ಲೇ ಇದ್ದೆ. ಹ್ಞೂ. ಏನೂ ಅನ್ಲಿಲ್ಲ. ಬಾಯಲ್ಲಿ... ಕಾಫಿ ಇತ್ತು.

ಈ ಎಮೊಕೆಗೆ ಕೈಗುಣವಂತೆ, ನನಗೆ! ಮೊಟ್ಟೆ ಬೇಯಿಸೋಕೆ ಇಟ್ರೂ ಒಡೆದು ಹೋಗತ್ತೆ. ನಾನು ಮಾಡಿದ ಮೊದಲ ವೇಗವರ್ಧಕ ಒಳ್ಳೇ ಪ್ರೋಟೀನನ್ನೆಲ್ಲ ಒಡೆದ ಹಾಲು ಮಾಡಿಟ್ಟಿತ್ತು. ಎರಡನೆಯದು ಏನೂ ಮಾಡ್ಲಿಲ್ಲ, ಸುಮ್ನೆ ತಳದಲ್ಲಿ ಕೂತಿತ್ತು. ಅದಕ್ಕೆ ನಮ್ಮ ದೆಝೊ ಮಾವನ ಹೆಸರಿಟ್ಟೆ, ಅವನೂ ಸೋಫಾ ಬಿಟ್ಟು ಏಳಲ್ಲ! ಅಮ್ಮಂಗೆ ಹೇಳಿದೆ, ವೇಗವರ್ಧಕ ಅಂದ್ರೆ ಮದುವೆ ದಲ್ಲಾಳಿ ಇದ್ದ ಹಾಗೆ, ಪ್ರೋಟೀನಿಗೂ ಔಷಧಕ್ಕೂ ಗಂಟು ಹಾಕಿ ತಾನು ಒಂಟಿಯಾಗೇ ಉಳಿಯತ್ತೆ ಅಂತ. 'ಹಾಗಾದ್ರೆ ನಿನಗೆ ಹೇಳಿ ಮಾಡಿಸಿದ ಕೆಲಸ' ಅಂದ್ಲು ಅಮ್ಮ. ನೋಡು!

ಆಮೇಲೆ ಬಂತಲ್ಲ, ಆ ಲೋಹ ಇಲ್ಲದ್ದು... ಬೇರೆಯವರೆಲ್ಲ ಪಲ್ಲಾಡಿಯಂ ಸುರಿದು ಮಾಡೋದನ್ನ ನಂದು ಒಂದು ಚೂರೂ ಲೋಹ ಇಲ್ಲದೇ ಮಾಡಿಬಿಡ್ತು! ಲೋಹ ಔಷಧದಲ್ಲಿ ಉಳಿದ್ರೆ ಮೈಗೆ ಕೆಡುಕು, ಇಲ್ಲಿ ಆ ಭಯವೇ ಇಲ್ಲ. ಸರ್ ಕುಣಿದಾಡಿಬಿಟ್ರು. ಅದರ ಮೇಲೇ ನನ್ನ ಡಾಕ್ಟರೇಟ್ ಪ್ರಬಂಧ, ಶುಕ್ರವಾರ ಎಲ್ಲರೆದುರು ಪರೀಕ್ಷೆ. ನಮ್ಮಜ್ಜಿ ಆಗಲೇ ಗಸಗಸೆ ಸುರುಳಿ ಬೇಯಿಸೋಕೆ ಶುರು ಮಾಡಿದ್ದಾಳೆ.

ವಾಪಸ್ ಬಾರೋ. ನಾನು ಪಕ್ಕದಲ್ಲೇ ನಿಂತ್ಕೋತೀನಿ. ಅದೇ ಪುಡಿ, ಅದೇ ನೀರು, ಅದೇ ಬಿಸಿ. ಕಲಕೋಕೆ ಮಾತ್ರ ನಿನ್ನ ಹೊಸ ಅಯಸ್ಕಾಂತ ಬಿಟ್ಟು ನಂದನ್ನ ಹಾಕು. ಆಗತ್ತೆ. ಖಂಡಿತ ಆಗತ್ತೆ, ಬರೆದು ಕೊಡ್ತೀನಿ!

...ಏನು?

ಯಾಕೆ ಹಾಗೆ ನೋಡ್ತಿದ್ದೀಯ? ಕಲಕೋ ಅಯಸ್ಕಾಂತ ಕಣೋ, ಹುರುಳಿಕಾಯಿ ಬೀಜದಷ್ಟು ಇರತ್ತಲ್ಲ... ಅದೃಷ್ಟದ್ದು! ಪ್ರತಿ ಪರೀಕ್ಷೆಗೂ ಅದೇ ಹಳೇ ಕಾಲುಚೀಲ ಹಾಕ್ಕೊಂಡು ಹೋಗ್ತಾರಲ್ಲ, ಹಾಗೆ. ನಾನು ಪೆದ್ದಿ ಅಂತ ನಿನಗೆ ಗೊತ್ತಿಲ್ವಾ? ನಗೋ. ಇಷ್ಟು ಹೊತ್ತು ನಗ್ತಿದ್ದೆ, ಈಗ್ಲೂ ನಗು.

ಹೌದು, ಹಳೇದು. ನಾನು ಬರೋ ಮುಂಚೆಯೇ ಅಲ್ಲಿತ್ತು. ಬೂದು ಬಣ್ಣಕ್ಕೆ ತಿರುಗಿದೆ, ಮೈಯೆಲ್ಲ ಗೀರು. ನನಗಿಂತ ಮುಂಚೆ ಯಾರ್ಯಾರು ಅದರಲ್ಲಿ ಏನೇನು ಕಲಕಿದ್ರೋ... ಝೊಂಬೊರ್, 'ಆ ಗೀರುಗಳಲ್ಲಿ ಏನು ಕೂತಿದೆ?' ಅಂತ ಕೇಳು. ಕೇಳಲ್ವಾ? ನೀನು ಕೇಳದಿದ್ರೆ ನಾನು ಹೇಗೆ...

ಬಸ್ಸು ಬಂತು.

ಈಸ್ಟರ್ ಆದ್ಮೇಲೆ ಒಂದು ದಿನ ನಂದು ಕೈಗೆ ಸಿಗಲಿಲ್ಲ ಅಂತ ಹೊಸದು ಹಾಕಿದೆ. ಏನೂ ಆಗ್ಲಿಲ್ಲ. ಮತ್ತೆ ಮಾಡಿದೆ, ಆಗ್ಲಿಲ್ಲ. ಆಮೇಲೆ ನನ್ನ ಮಹಾ ವೇಗವರ್ಧಕ ಹಾಕದೇ, ಬರೀ ಆ ಹಳೇ ಅಯಸ್ಕಾಂತ ಹಾಕಿ ನೋಡಿದೆ... ಆಯ್ತು ಕಣೋ! ಚೆನ್ನಾಗಿ ಆಯ್ತು! ಕೆಲಸ ಎಲ್ಲ ಮಾಡ್ತಿದ್ದಿದ್ದು ಗೀರಿನಲ್ಲಿ ಕೂತಿದ್ದ ಯಾರದೋ ಹಳೇ ಪಲ್ಲಾಡಿಯಂ. ನಾನು ಐದು ವರ್ಷ ತಲೆ ಕೆಡಿಸ್ಕೊಂಡು ವಿನ್ಯಾಸ ಮಾಡಿದ್ದೂ ಒಂದೇ, ಅಡುಗೆ ಉಪ್ಪೂ ಒಂದೇ.

ಈಗ ನಗಬಹುದು. ...ನಗಲ್ವಾ?

ಪೆಟ್ಟಿಗೆ ಎತ್ಬೇಡ. ಚಾಲಕರೇ, ಒಂದು ನಿಮಿಷ! ಕೇಳೋ ಇಲ್ಲಿ. ನಿನ್ನ ಕೈಗೆ ಏನೂ ಆಗಿಲ್ಲ. 'ಆಗಲಿಲ್ಲ' ಅಂತ ನಿನಗೆ ಬರ್ತಿತ್ತಲ್ಲ, ಅದೇ ಸರಿ ಉತ್ತರ. ಇಡೀ ವರ್ಷ ಅಲ್ಲಿ ಸರಿಯಾಗಿ ಕೆಲಸ ಮಾಡಿದವನು ನೀನೊಬ್ಬನೇ. ನನಗೆ ಗೊತ್ತಿತ್ತು. ಗೊತ್ತಿದ್ದೂ ನೀನು ಒಳಗೊಳಗೇ ಕುಗ್ಗಿ ಹೋಗೋದನ್ನ ನೋಡ್ತಾ ಕೂತೆ. ನಾಚಿಕೆ ಆಗತ್ತೆ ಕಣೋ... ಬೈಯೋ. ಎಲ್ಲರೆದುರು ಬೈಯಿ.

ಫೋನ್ ಯಾಕೆ ನನ್ನ ಮುಂದೆ ಹಿಡೀತಿದ್ದೀಯ?

...ಕೆಲೆಮೆನ್ ಸರ್. ಆಗಲೇ ರಿಂಗ್ ಆಗ್ತಿದೆ.

ಕೊಡು.